ಇಪ್ಪತ್ತಾರಕ್ಕೆ ಮೂರು ಕಮ್ಮಿ

ಮಂಗಳವಾರ, ಏಳೂವರೆ. ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ಹಳಸಿದ ಸಾರಿನ ಬೆಚ್ಚನೆ ವಾಸನೆ.
ನನಗದು ಅಭ್ಯಾಸ. ಹೊಸ ಹುಡುಗ ಮರಿಸ್ವಾಮಿ
ಇನ್ನೂ ಮೂಗು ಮುಚ್ಚುತ್ತಾನೆ.

ರೋಗಿಗಳ ತಟ್ಟೆ ಆಮೇಲೆ. ಮೊದಲು ಕಂಟ್ರೋಲು.
ಇದರಲ್ಲಿ ಬೆಳೆದದ್ದು ಈಗ ಯಾರ ಕಾಯಿಲೆಯೂ ಅಲ್ಲ.
ನಾನು ಹುಟ್ಟುವ ಮೊದಲೇ ಕಾಣದ ಊರೊಂದರಲ್ಲಿ
ಯಾರದೋ ಮೈಯಿಂದ ಎತ್ತಿಕೊಂಡದ್ದು,
ಹೆಸರು ಕಳಚಿ ನಂಬರಾಗಿ
ಹೆಪ್ಪುಗಟ್ಟಿ ಮಲಗಿ
ಮಂಡ್ಯದ ಈ ಕೋಣೆಯಲ್ಲಿ ಎದ್ದು
ಬರೀ ಗಂಜಿಯುಂಡು ಬೆಳೆಯುತ್ತದೆ.
ಯಾವ ಮದ್ದಿಗೆ ಎಷ್ಟು ಹಿಂದೆ ಸರಿಯಬೇಕೋ
ಗೋಡೆಯ ಚಾರ್ಟಿನಲ್ಲಿ ಬರೆದಿದೆ,
ಅಷ್ಟೇ ಸರಿಯಬೇಕು.

'ಗೊತ್ತಿರೋದನ್ನೇ ವಾರವಾರ ಕೇಳೋದ್ಯಾಕಕ್ಕ?'

ಡಿಸ್ಕಿನ ಸುತ್ತ ಬಯಲು,
ಚಂದ್ರನಿಗೆ ಗುಡಿ ಕಟ್ಟಿದ ಹಾಗೆ.
ಸ್ಕೇಲು ತಟ್ಟೆಯ ಬೆನ್ನಿಗೆ ಹಿಡಿದೆ.
ಜೆಂಟಾಮೈಸಿನ್ ಇಪ್ಪತ್ತೆರಡು, ಸರಿ.
ಮಿಕ್ಕವೂ ಸರಿ.
ಇಮಿಪೆನೆಮ್ ಇಪ್ಪತ್ಮೂರು.
ಕನ್ನಡಕ ಒರೆಸಿ, ಬೆಳಕಿಗೆ ಓರೆ ಮಾಡಿ ಮತ್ತೆ ಅಳೆದೆ.
ಇಪ್ಪತ್ಮೂರೇ. ಇಪ್ಪತ್ತಾರಾದರೂ ಇರಬೇಕಿತ್ತು.

'ಇಪ್ಪತ್ತಾರು ಅಂತ ಬರ್ದ್ಬಿಡಿ,
ಮೂರು ಮಿಲಿಮೀಟ್ರು ಯಾರ್ ನೋಡ್ತಾರೆ?'

ಅಪ್ಪ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿದ್ದ.
ಮೊದಲ ಗಾಡಿ ಏರುವ ಮುಂಚೆ, ಕತ್ತಲಲ್ಲೇ,
ಮುದ್ರೆ ಹೊಡೆದ ತೂಕದ ಕಲ್ಲುಗಳನ್ನು
ಒಂದೊಂದೇ ಹೊತ್ತಿಟ್ಟು ಮುಳ್ಳು ನೋಡುತ್ತಿದ್ದ.
ಸಾಲಿನಿಂದ ಕೂಗು: 'ಕಬ್ಬು ತೂಗಯ್ಯಾ ಅಂದ್ರೆ
ಕಲ್ಲು ತೂಗ್ತಾ ಕುಂತವ್ನಲ್ಲ!'
ಒಂದು ದಿನ ಮುಳ್ಳು ತಪ್ಪಿತು. ಗೇಟು ಹಾಕಿಸಿದ.
ಬುತ್ತಿ ಹಿಡಿದು ಹೋದ ನಾನು
ಅರ್ಧ ಮೈಲಿ ಗಾಡಿಗಳ ಪಕ್ಕ ನಡೆದು
ಅಪ್ಪನ ಅಮ್ಮನಿಗೆ ಬಿದ್ದ ಬೈಗುಳವೆಲ್ಲ ಕೇಳಿಸಿಕೊಂಡೆ.
ಅವನದು ದಿನಾ. ನಮ್ಮದು ವಾರಕ್ಕೊಮ್ಮೆ.

ಡಿಸ್ಕಿನ ಡಬ್ಬಿ ತೆಗೆದೆ.
ನೀಲಿಯಿರಬೇಕಾದ ಸಿಲಿಕಾ ಹರಳು ಗುಲಾಬಿ.
ಚಂದದ ಬಣ್ಣ, ಸೀರೆಯಾಗಿದ್ದರೆ ಕೊಳ್ಳುತ್ತಿದ್ದೆ.
ಫ್ರಿಜ್ಜಿನಿಂದ ತೆಗೆದ ಕೂಡಲೇ ಯಾರೋ ಮುಚ್ಚಳ ಬಿಚ್ಚಿದ್ದಾರೆ;
ತಣ್ಣನೆ ಡಬ್ಬಿಗೆ ಗಾಳಿಯ ಪಸೆ ಇಳಿದಿದೆ,
ಪಸೆ ಕುಡಿದ ಮದ್ದು ಒಳಗೊಳಗೇ ಸೋತಿದೆ.
ಯಾರು? ರಿಜಿಸ್ಟರು ತಿರುವಿದೆ.
ಗುರುವಾರ ಸಂಜೆ, ಐದೂ ಹತ್ತು,
ಐದೂಕಾಲಿನ ಬಸ್ಸಿನ ಹೊತ್ತು.
ಸಹಿ: ಎಂ. ಕೆ. ಇಂದ್ರಾಣಿ.

ನನ್ನ ಅಕ್ಷರ ನನಗೆ ಗೊತ್ತು.

ಗುರುವಾರದಿಂದ ಈಚೆಗೆ ಮೂರು ರಿಪೋರ್ಟು ಹೋಗಿವೆ,
'ಈ ಮದ್ದಿಗೆ ಬಗ್ಗದು' ಎಂದು.
ಒಂದು, ನಾಲ್ಕನೇ ವಾರ್ಡಿನ ಚೆನ್ನಾಜಮ್ಮನದು,
ಮಳವಳ್ಳಿ ಕಡೆಯವರು, ಮೂತ್ರದ ಸೋಂಕು ರಕ್ತಕ್ಕೇರಿದ್ದು.
ನನ್ನ ಮಾತು ನಂಬಿ
ಕಿಡ್ನಿಗೆ ಏಟು ಕೊಡುವ ಇನ್ನೊಂದು ಮದ್ದು
ಹನಿಹನಿ ಇಳಿಯುತ್ತಿರಬಹುದು ಈಗ.
ಬಗ್ಗದ್ದು ಕ್ರಿಮಿಯೋ, ನನ್ನ ಡಬ್ಬಿಯೋ?

ಫೋನು ಮಾಡಿದೆ. 'ಡಾಕ್ಟರ್ ತಸ್ನೀಮ್,
ನಾನು ಕಳಿಸಿದ ಮೂರು ರಿಪೋರ್ಟು ನಂಬಬೇಡಿ.'
ಆ ಕಡೆ ಟ್ರಾಲಿಯ ಚಕ್ರದ ಸದ್ದು, ದೂರವಾಗುವಷ್ಟು ಹೊತ್ತು.
'ಸರಿಯಾದ್ದು ಯಾವಾಗ ಹೇಳ್ತೀರಿ?'
'ನಾಳೆ ಬೆಳಿಗ್ಗೆ.'
'ನಾಳೆನಾ?'
ಹದಿನಾರು ಗಂಟೆ ಮೇಡಂ. ಅವು ಬೆಳೆಯುವುದು
ಅವುಗಳ ಲೆಕ್ಕದಲ್ಲಿ, ನಮ್ಮ ಅವಸರದಲ್ಲಲ್ಲ.
ಇದನ್ನು ಹೇಳಲಿಲ್ಲ. ಅವರಿಗೂ ಗೊತ್ತು.

ರಿಜಿಸ್ಟರಿನಲ್ಲಿ ಇಪ್ಪತ್ಮೂರು ಎಂದೇ ಬರೆದು
ಕಾರಣದ ಅಂಕಣದಲ್ಲಿ ಪೆನ್ನು ನಿಂತಿತು.
ಮರಿಸ್ವಾಮಿ ಕಿಟಕಿಯ ಕಡೆ ತಿರುಗಿದ,
ನೋಡದವನ ಹಾಗೆ. ಒಳ್ಳೆಯ ಹುಡುಗ.
'ಇಲ್ಲಿ ಬಾ' ಎಂದೆ. 'ನೋಡು, ಹೀಗೆ ಬರೀಬೇಕು.'

ಹೊಸ ಡಬ್ಬಿ ಮೇಜಿನ ಮೇಲಿದೆ.
ಮುಚ್ಚಳದ ಹೊರಗೆಲ್ಲ ಸಣ್ಣ ಹನಿ.
ಅವನ ಕೈ ಅದರತ್ತ ಹೋಯಿತು. ತಡೆದೆ.
ಹೊರಗೆ ಸ್ಯಾಂಪಲ್ಲಿನ ಕಿಟಕಿ ಬಡಿಯುತ್ತಿದ್ದಾರೆ.
ಹನಿ ಆರುವವರೆಗೆ
ಇಬ್ಬರೂ ಕೈಕಟ್ಟಿ
ಅದನ್ನೇ ನೋಡುತ್ತ ಕೂತೆವು.